ಸಿಂಹಳಕ್ಕೆ ಹೋದ ಬೋರೆಗೆಜ್ಜೆ

ಪರದೇಶಕ್ಕೆ ಹೋಗಿಬಂದವರು ತಾವು ಕಂಡ ಅರಮನೆ, ದೇಗುಲ, ಸಮುದ್ರಗಳ ಬಗ್ಗೆ ಬರೆಯುತ್ತಾರೆ. ನನ್ನನ್ನು ಯಾರಾದರೂ ಸಿಂಹಳ ದ್ವೀಪ ಹೇಗಿದೆ ಎಂದು ಕೇಳಿದರೆ ತಡವರಿಸಬೇಕಾಗುತ್ತದೆ. ಹೋಗುವ ದಾರಿಯಲ್ಲಿ ಅರ್ಧ ಹೊತ್ತು ನಾನು ನೋಡುತ್ತಿದ್ದದ್ದು ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡಿದ್ದ ಒಂದು ಒದ್ದೆ ಗಂಟನ್ನು. ಉಳಿದ ಹೊತ್ತು ಅವ್ವನ ಜೊತೆ ಜಗಳವಾಡುತ್ತಿದ್ದೆ. ಆದರೂ ಹೋಗಿಬಂದದ್ದು ನಿಜ, ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ. ಹೇಳದೆ ಇರಲಾರೆ.

ಮಳವಳ್ಳಿ ರಸ್ತೆ

ನಮ್ಮೂರು ಮಳವಳ್ಳಿಗೂ ಮದ್ದೂರಿಗೂ ನಡುವೆ. ನಾನು ಮದ್ದೂರಿನಲ್ಲಿ ಮೇಷ್ಟರಾಗಿದ್ದೆ. ಊರಿನಲ್ಲಿ ಅಣ್ಣ, ಅತ್ತಿಗೆ, ಅವರ ಮಕ್ಕಳು, ಅವ್ವ. ಅಪ್ಪ ತೀರಿಕೊಂಡ ಮೇಲೆ ಬೇಸಾಯವೆಲ್ಲ ಅವ್ವನ ಮಾತಿನ ಮೇಲೆ ನಡೆಯುತ್ತಿತ್ತು. ಅಣ್ಣ ಮೀಸೆ ಹೊತ್ತ ಗಂಡಸು, ಆದರೂ ಅವಳನ್ನು ಕೇಳದೆ ಒಂದು ಬದುವನ್ನೂ ಕಡಿದವನಲ್ಲ.

ನಮ್ಮ ಹೊಲದ ತಲೆಯ ಮೇಲೆ ಒಂದು ಬೋರೆ ಇತ್ತು. ಬೋರೆ ಅಂದರೆ ಕಲ್ಲು ಬೆರೆತ ಒಣ ದಿಬ್ಬ. ಹುರುಳಿ ಚೆಲ್ಲಿದರೂ ಅಲ್ಲಿ ಸರಿಯಾಗಿ ಬಾರದು. ಬರುತ್ತಿದ್ದದ್ದು ನೆಲಕ್ಕೆ ಅಂಟಿಕೊಂಡು ಹರಡುವ ಒಂದು ಸಣ್ಣ ಗಿಡ. ಎಲೆ ಮೂರು ಮೂರು, ಬೆಕ್ಕಿನ ಕಿವಿಯ ಹಾಗೆ ನವಿರು ರೋಮ. ಹೂವು ಅವರೆ ಹೂವಿನ ಕಟ್ಟಿನದೇ, ಒಂದು ದಳ ನೆಟ್ಟಗೆ ನಿಂತದ್ದು, ಎರಡು ಪಕ್ಕಕ್ಕೆ ಚಾಚಿದ್ದು, ಕೆಳಗೆ ದೋಣಿಯಂಥದ್ದು. ಬಣ್ಣ ಮಾತ್ರ ಬೇರೆ, ಮಾಸಲು ಹಳದಿಯ ಮೇಲೆ ಇದ್ದಿಲಿನಿಂದ ಎಳೆದಂತೆ ಕಪ್ಪು ಗೆರೆ. ಕಾಯಿ ಉಬ್ಬಿ ಒಣಗಿದಾಗ ಅಲ್ಲಾಡಿಸಿದರೆ ಗಿಲಿಗಿಲಿ ಅನ್ನುತ್ತಿತ್ತು. ಅದಕ್ಕೇ ನಮ್ಮವರು ಬೋರೆಗೆಜ್ಜೆ ಅನ್ನುತ್ತಿದ್ದರು. ಅನ್ನುತ್ತಿದ್ದರು ಅಂದರೆ ನಮ್ಮ ಮನೆಯವರು. ಬೇರೆಯವರ ಹೊಲದಲ್ಲಿ ಅದು ಇರಲಿಲ್ಲ.

ಬೆಂಗಳೂರಿನಲ್ಲಿ ನನಗೆ ಸಸ್ಯಶಾಸ್ತ್ರ ಹೇಳಿಕೊಟ್ಟ ಗುರುಗಳಿಗೆ ಒಮ್ಮೆ ಆ ಹೂವನ್ನು ಒಯ್ದು ತೋರಿಸಿದೆ. ಅವರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದರು. ತೊಗರಿ, ಅವರೆ, ಹುರುಳಿಯ ಕುಲದ್ದೇ, ಆದರೆ ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದರು. ಆ ಮೇಲೆ ಅವರೂ ನಾನೂ ಸುತ್ತಲಿನ ಬೋರೆಗಳನ್ನೆಲ್ಲ ತುಳಿದೆವು. ಬೆಸಗರಹಳ್ಳಿ, ಆತಗೂರು, ಯಾವ ಕಡೆಯೂ ಸಿಗಲಿಲ್ಲ.

ಅಷ್ಟರಲ್ಲಿ ನಾಲೆ ಬಂತು. ಮಂಡ್ಯದ ಸುತ್ತ ನೀರು ಹರಿದು, ಕಬ್ಬು ಎದ್ದು, ರಾಗಿ ಉಣ್ಣುತ್ತಿದ್ದವರು ಅನ್ನ ಉಣ್ಣತೊಡಗಿದ್ದನ್ನು ನಮ್ಮ ಕಡೆಯವರು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದರು. ಈಗ ಅದರ ಕವಲೊಂದು ನಮ್ಮ ಹೊಲದ ಪಕ್ಕಕ್ಕೇ ಬಂದು ನಿಂತಿತು. ಯುಗಾದಿಯ ಹೊತ್ತಿಗೆ ನೀರು ಬಿಡುತ್ತಾರೆಂದು ಸುದ್ದಿ. ಅಣ್ಣನಿಗೆ ಬೋರೆಯನ್ನು ಅಗೆದು ಉತ್ತು ಮಟ್ಟ ಮಾಡಿ ಗದ್ದೆ ಮಾಡುವ ಆಸೆ. ನನಗೆ ಬೋರೆಯನ್ನು ಹಾಗೇ ಉಳಿಸುವ ಆಸೆ. ಎತ್ತು ಏರಿಗೆ, ಕೋಣ ನೀರಿಗೆ. ಅವ್ವ ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಗುರುಗಳು ಸಿಂಹಳದ ಒಂದು ತೋಟಕ್ಕೆ ಬರೆದು, ಈ ಗಿಡವನ್ನು ಅಲ್ಲಿ ಬೆಳೆಸಲು ಒಪ್ಪಿಸಿದರು. ಒಣಸೀಮೆಯ ಗಿಡಗಳಿಗೆಂದೇ ಮಾಡಿದ್ದ ತೋಟವಂತೆ. ಅವರಿಗೆ ವಯಸ್ಸಾಗಿತ್ತು, ಬೀಜ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹೊರಡುವ ಮಾತು ಎತ್ತಿದ್ದೇ ತಡ, ಅವ್ವ ಮೊರ ಕೆಳಗಿಟ್ಟಳು.

"ನಾನೂ ಬತ್ತೀನಿ."

"ಎಲ್ಲಿಗವ್ವ? ಸಮುದ್ರ ದಾಟ್ಬೇಕು ಕಣವ್ವ."

"ದಾಟವ. ರಾಮೇಸ್ವರ ದಾರೀಲೇ ಅದಂತಲ್ಲ. ಒಂದ್ ಮುಳುಗು ಆಕ್ಕಂಡ್ ಬತ್ತೀನಿ." ಆಮೇಲೆ ಅಣ್ಣನ ಕಡೆ ತಿರುಗಿದಳು. "ನಾ ಬರೋಗಂಟ ಬೋರೆ ಮ್ಯಾಲೆ ನೇಗ್ಲು ಇಕ್ಕೀಯ, ಉಸಾರು."

ಅಣ್ಣ ಮುಖ ಊದಿಸಿಕೊಂಡ. ನಾನು ಒಳಗೊಳಗೇ ಹಿಗ್ಗಿದೆ. ಅವ್ವ ನನ್ನ ಪಕ್ಷ ಎಂದುಕೊಂಡೆ.

ರೈಲಿನಲ್ಲಿ

ಮದ್ದೂರಿನಲ್ಲಿ ರೈಲು ಹತ್ತಿದ್ದು, ಬೆಂಗಳೂರಿನಲ್ಲಿ ಬದಲಿಸಿದ್ದು, ಈರೋಡು, ತಿರುಚಿ ಎಂದು ಒಂದಾದ ಮೇಲೊಂದು ಕೂಗಿದ್ದು ಎಲ್ಲ ಒಂದೇ ಗದ್ದಲವಾಗಿ ನೆನಪಿದೆ. ನನಗೆ ಕೂತಲ್ಲಿ ಕೂರುವ ಅಭ್ಯಾಸವಿಲ್ಲ. ಪ್ರತಿ ಸ್ಟೇಷನ್ನಿನಲ್ಲೂ ಇಳಿಯುತ್ತಿದ್ದೆ, ಹತ್ತುತ್ತಿದ್ದೆ, ಪೆಟ್ಟಿಗೆ ಮುಟ್ಟಿ ನೋಡುತ್ತಿದ್ದೆ. ಅವ್ವ ಕಿಟಕಿಗೆ ಅಂಟಿ ಕೂತು ತಮಿಳು ಸೀಮೆಯ ಹೊಲಗಳಿಗೆ ತೀರ್ಪು ಕೊಡುತ್ತಿದ್ದಳು. ಬದು ಸಣ್ಣ, ಎತ್ತಿನ ಕೊಂಬು ಉದ್ದ, ಹೆಂಗಸರು ಗಟ್ಟಿಗಿತ್ತಿಯರು. ಎದುರಿಗೆ ಕೂತ ಒಬ್ಬ ಹೆಂಗಸು ನಮ್ಮ ಬುತ್ತಿಯ ರಾಗಿರೊಟ್ಟಿಯನ್ನು ದಿಟ್ಟಿಸಿ ನೋಡಿದಾಗ ಅವ್ವ ಅರ್ಧ ಮುರಿದು ಅವಳ ಕೈಗೆ ಇಟ್ಟಳು. ಆಕೆ ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. ನುಂಗಿದ್ದನ್ನು ನಾನು ನೋಡಲಿಲ್ಲ.

"ಲೋ, ಒಸಿ ಕುಂತ್ಕೊಳ್ಳೋ. ಚೇಳು ಕಡಿದೋನಂಗೆ ಆಡ್ತೀಯ," ಅಂದಳು ಅವ್ವ.

"ಬೀಜ ಅವೆ ಕಣವ್ವ ಪೆಟ್ಟಿಗೇಲಿ."

"ಬೀಜ ಎಲ್ಗೂ ಓಗಾಕಿಲ್ಲ. ಉಳ ಬೀಳ್ದಂಗೆ ಮಾಡಿವ್ನಿ ಬುಡು."

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹೋಗಿದ್ದರೆ ಅಲ್ಲೇ ಪೆಟ್ಟಿಗೆ ಬಿಚ್ಚುತ್ತಿದ್ದೆ.

ಮಂಟಪಂ

ರಾಮೇಶ್ವರಕ್ಕೆ ಮುಂಚೆ ಮಂಟಪಂ ಎಂಬಲ್ಲಿ ಸಿಂಹಳಕ್ಕೆ ಹೋಗುವವರನ್ನೆಲ್ಲ ಇಳಿಸಿ ತಪಾಸಣೆ ಮಾಡುತ್ತಾರೆ. ಉದ್ದನೆಯ ಕೊಟ್ಟಿಗೆಗಳು, ಮರಳು, ಉಪ್ಪುಗಾಳಿ. ಡಾಕ್ಟರು ನಾಲಗೆ ನೋಡಿದರು. ಅವ್ವ ನಾಲಗೆ ಚಾಚಲು ಒಪ್ಪದೆ ಸೆರಗು ಅಡ್ಡ ಹಿಡಿದು ನಿಂತಳು. ಅದೂ ಆಯಿತು. ಆಮೇಲೆ ಒಬ್ಬ ಅಧಿಕಾರಿ ಪೆಟ್ಟಿಗೆ ತೆಗೆಸಿದ. ಗುರುಗಳು ಕೊಟ್ಟ ಕಾಗದ ತೋರಿಸಿದೆ. ಅವನು ಬೀಜದ ಚೀಲವನ್ನು ಅಂಗೈಗೆ ಸುರಿದುಕೊಂಡ.

ಕಂದುಹಸಿರು ಬಣ್ಣದ ನುಣ್ಣನೆಯ ಬೀಜ ಇರಬೇಕಿತ್ತು. ಅವನ ಅಂಗೈಯಲ್ಲಿ ಇದ್ದದ್ದು ಕೆಂಪು ಉಂಡೆಗಳು.

ನಮ್ಮ ಸೀಮೆಯಲ್ಲಿ ತೊಗರಿಯನ್ನು ಎತ್ತಿಡುವ ಮುಂಚೆ ಕೆಮ್ಮಣ್ಣು ಕಲಸಿದ ನೀರಿನಲ್ಲಿ ಹೊರಳಿಸಿ ಬಿಸಿಲಿಗೆ ಹಾಕುತ್ತಾರೆ. ಮಣ್ಣು ಕಟ್ಟಿದ ಕಾಳಿಗೆ ಹುಳ ಬೀಳುವುದಿಲ್ಲ. ಹೊರಡುವ ಹಿಂದಿನ ದಿನ ನಾನು ಮದ್ದೂರಿಗೆ ಹೋಗಿದ್ದಾಗ ಅವ್ವ ಬೋರೆಗೆಜ್ಜೆಯ ಬೀಜಕ್ಕೂ ಅದನ್ನೇ ಮಾಡಿದ್ದಳು, ಬೋರೆಯದೇ ಮಣ್ಣು ತಂದು.

ಅಧಿಕಾರಿ ಸಿಟ್ಟು ಮಾಡಲಿಲ್ಲ. ಬೀಜ ದಾಟಬಹುದು, ಮಣ್ಣು ದಾಟಬಾರದು ಎಂದ. ಪರದೇಶದ ಮಣ್ಣಿನಲ್ಲಿ ಯಾವ ಹುಳ, ಯಾವ ರೋಗ ಇರುತ್ತದೋ ಯಾರಿಗೆ ಗೊತ್ತು, ಕಾನೂನು ಅಂದರೆ ಕಾನೂನು. ತೊಳೆದು ತೋರಿಸಿದರೆ ಬಿಡುತ್ತೇನೆ, ಇಲ್ಲದಿದ್ದರೆ ಸುಡಬೇಕಾಗುತ್ತದೆ.

ತೊಳೆದರೆ ಬೀಜ ನೆನೆಯುತ್ತದೆ. ನೆನೆದರೆ ಮೊಳೆಯುತ್ತದೆ, ಇಲ್ಲವೇ ಕೊಳೆಯುತ್ತದೆ. ಒಣಗಿಸಲು ಹೊತ್ತಿಲ್ಲ, ಹಡಗಿನ ಕಟ್ಟೆಗೆ ಒಯ್ಯುವ ಗಾಡಿ ಸಿದ್ಧವಾಗುತ್ತಿತ್ತು. ಬೋರೆಯ ಅಷ್ಟೂ ಗಿಡಗಳ ಅಷ್ಟೂ ಕಾಯಿ ಬಿಡಿಸಿ ತಂದಿದ್ದೆ. ಮನೆಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ.

"ಯಾರವ್ವ ನಿನ್ಗೆ ಮಣ್ಣು ಕಟ್ಟು ಅಂದೋರು? ಇದೇನ್ ತೊಗರಿ ಬ್ಯಾಳೆ ಮಾಡಾಕಾ?" ಎಂದು ಜನರ ಮುಂದೆಯೇ ಕೂಗಾಡಿದೆ.

"ಕೂಗ್ಬ್ಯಾಡ ಕಣ್ಲಾ. ದೂರ ಓಗೋ ಬೀಜ. ಬರೀ ಮೈಯಲ್ಲಿ ಕಳಿಸಾದಾ?"

ಅವಳೇ ಕೊಳಾಯಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, ರಾಮೇಶ್ವರದ ಸ್ನಾನಕ್ಕೆಂದು ತಂದಿದ್ದ ಹಿತ್ತಾಳೆ ಚೆಂಬಿನಲ್ಲಿ ನೀರು ಹಿಡಿದು, ಕಾಳನ್ನು ಎರಡು ಅಂಗೈ ನಡುವೆ ಉಜ್ಜಿ ಉಜ್ಜಿ ತೊಳೆದಳು. ಕೆಂಪು ನೀರು ಮರಳಿನಲ್ಲಿ ಇಂಗಿಹೋಯಿತು. ಆಮೇಲೆ ತನ್ನ ಹಳೆಯ ಸೀರೆಯ ತುಂಡು ಹರಿದು, ಮನೆಯಲ್ಲಿ ಮೊಳಕೆ ಹುರುಳಿ ಕಟ್ಟುವ ಹಾಗೇ ಕಟ್ಟಿ ನನ್ನ ಕೈಗೆ ಕೊಟ್ಟಳು.

"ಒಟ್ಟೆ ಮ್ಯಾಲೆ ಮಡಿಕ್ಕೊ. ಬೆಚ್ಚಗಿರ್ಬೇಕು. ಬಟ್ಟೆ ಒಣಗಿಸ್ಬ್ಯಾಡ, ತೊಟ್ಟಿಕ್ಕಾಕೂ ಬುಡ್ಬ್ಯಾಡ."

ಸೇತುವೆ ದಾಟಿ ಪಾಂಬನ್‌ನಲ್ಲಿ ನಿಂತಾಗ ರಾಮೇಶ್ವರದ ಗಾಡಿ ಪಕ್ಕದಲ್ಲೇ ಇತ್ತು. ಜನ ಗೋವಿಂದ, ಶಿವ ಎನ್ನುತ್ತಾ ಹತ್ತುತ್ತಿದ್ದರು. ಅವ್ವ ಕುತ್ತಿಗೆ ತಿರುಗಿಸಿ ಕೂಡ ನೋಡಲಿಲ್ಲ. "ಬರೋವಾಗ ನೋಡವ. ಮೊದ್ಲು ಇದು," ಅಂದಳು. ಮಾಡಿದ ಎಡವಟ್ಟಿಗೆ ನಾಚಿಕೊಂಡು ಹಾಗನ್ನುತ್ತಿದ್ದಾಳೆ ಎಂದುಕೊಂಡು ನನಗೆ ಒಂದಿಷ್ಟು ತೃಪ್ತಿಯೂ ಆಯಿತು.

ತಲೈಮನ್ನಾರ್

ಸಮುದ್ರದ ವಿಷಯ ಕೇಳಬೇಡಿ. ಧನುಷ್ಕೋಟಿಯಿಂದ ಹಡಗು ಹೊರಟದ್ದು ಗೊತ್ತು. ಆಮೇಲೆ ನಾನು ಕಟಕಟೆ ಹಿಡಿದು ತಲೆ ಕೆಳಗೆ ಹಾಕಿಕೊಂಡು ನಿಂತಿದ್ದೆ. ವಾಂತಿ ಮಾಡುವಾಗಲೂ ಒಂದು ಕೈ ಗಂಟಿನ ಮೇಲೆ. ಅವ್ವ ಮಾತ್ರ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿಕೊಂಡು, "ಕಾವೇರಿ ದೊಡ್ಡದು ಅಂದ್ಕೊಂಡಿದ್ನಲ್ಲಾ," ಅಂದಳು.

ಆಚೆ ದಡದ ರೈಲಿನಲ್ಲಿ ಎದುರಿಗೆ ಒಬ್ಬ ಮುದುಕ ಕೂತಿದ್ದ. ನೀಟಾಗಿ ತುರುಬು ಕಟ್ಟಿ ಅದಕ್ಕೆ ಆಮೆಯ ಚಿಪ್ಪಿನ ಬಾಚಣಿಗೆ ಸಿಕ್ಕಿಸಿದ್ದ. ಅವ್ವನಿಗೆ ನಗು ತಡೆಯಲಾಗಲಿಲ್ಲ. "ತಲೆ ಬಾಚ್ಕೊಂಡು ಬಾಚಣಿಗೆ ತೆಗ್ಯಾಕೆ ಮರ್ತವ್ನೆ ಕಣ್ಲಾ, ಏಳು ಅವನ್ಗೆ." ಅದು ಅವರ ಕಡೆಯ ಮರ್ಯಾದೆಯ ವೇಷ ಎಂದು ನಾನು ಪಿಸುಗುಟ್ಟಬೇಕಾಯಿತು. ಆ ಮುದುಕ ನನ್ನ ಉಬ್ಬಿದ ಹೊಟ್ಟೆಯನ್ನೂ ಒದ್ದೆಯಾದ ಅಂಗಿಯನ್ನೂ ನೋಡಿ ಕನಿಕರಪಟ್ಟ. ನನಗೆ ಏನೋ ಕಾಯಿಲೆ ಇರಬೇಕು ಎಂದುಕೊಂಡು ಒಂದು ಎಳನೀರು ಕೊಡಿಸಿದ. ಸ್ಟೇಷನ್ನಿನ ಬೋರ್ಡುಗಳ ಮೇಲಿನ ಅಕ್ಷರ ನಮ್ಮ ಅಕ್ಷರದ ಹಾಗೇ ದುಂಡಗೆ. ಓದಿಬಿಡುತ್ತೇನೆ ಎಂದು ಹೋಗಿ ಪ್ರತಿ ಸಲವೂ ಸೋತೆ.

ಅನುರಾಧಪುರ

ಇಳಿದ ದಿನ ಭಾನುವಾರ, ಜೊತೆಗೆ ಹುಣ್ಣಿಮೆ. ಊರಿಗೆ ಊರೇ ಬಿಳಿ ಬಟ್ಟೆ ಉಟ್ಟು, ತಾವರೆ ಹಿಡಿದು ಬುದ್ಧನ ಅರಳಿಮರಕ್ಕೆ ಪೂಜೆಗೆ ಹೊರಟಿತ್ತು. ತೋಟ ಮುಚ್ಚಿದೆ, ಸೋಮವಾರ ಬನ್ನಿ ಎಂದರು. ನಾನು ಯಾತ್ರಿಕರ ಛತ್ರದ ಅಂಗಳದಲ್ಲಿ ಶತಪಥ ಹಾಕಿದೆ. ಗಂಟು ಬಿಚ್ಚಿ ನೋಡಿದರೆ ಕಾಳು ಉಬ್ಬಿ ಕೆಲವು ಬಾಯಿ ಬಿಟ್ಟಿದ್ದವು. ಇನ್ನೊಂದು ದಿನ ತಡವಾದರೆ ಬೇರು ಬಟ್ಟೆಯ ಎಳೆಗೆ ಹೆಣೆದುಕೊಳ್ಳುತ್ತದೆ, ಬಿಡಿಸುವಾಗ ಮುರಿಯುತ್ತದೆ.

ಅವ್ವ ಗಂಟನ್ನು ಕಸಿದುಕೊಂಡು ಅಡುಗೆಮನೆಯ ಪಕ್ಕದ ಗೂಟಕ್ಕೆ ತೂಗುಹಾಕಿ ನನ್ನನ್ನು ಕೆರೆ ನೋಡಲು ಎಳೆದುಕೊಂಡು ಹೋದಳು. ಎಂಥ ಕೆರೆ! ನಮ್ಮ ಮದ್ದೂರು ಕೆರೆಯನ್ನು ಒಳಗೆ ಇಟ್ಟು ಮರೆತುಬಿಡಬಹುದು. ಏರಿಯ ಕೆಳಗೆ ಭತ್ತ ಹಸಿರಾಗಿ ನಿಂತಿತ್ತು. ಅವ್ವ ತೂಬಿನ ಹತ್ತಿರ ಇಳಿದು ಹರಿಯುವ ನೀರಿನಲ್ಲಿ ಕಾಲಿಟ್ಟು ಬಹಳ ಹೊತ್ತು ನಿಂತಳು. ನಾನು ಹೋಗೋಣ ಹೋಗೋಣ ಎಂದು ಏರಿಯ ಮೇಲೆ ಕುಣಿಯುತ್ತಿದ್ದೆ.

ಬಂದು ನೋಡಿದರೆ ಗೂಟ ಖಾಲಿ.

ಛತ್ರದ ಅಡುಗೆಯ ಹೆಂಗಸು ಗಂಟು ಬಿಚ್ಚಿ, ನಮ್ಮ ಬೀಜವನ್ನು ಒಂದು ಮೊರದಲ್ಲಿ ಹರಡಿ, ಕೆಟ್ಟದ್ದನ್ನು ಆರಿಸಿ ಒಗೆಯುತ್ತಾ ಕೂತಿದ್ದಳು. ಒಲೆಯ ಮೇಲೆ ತೆಂಗಿನ ಹಾಲು ಕಾಯುತ್ತಿತ್ತು. ನಾನು ಕನ್ನಡದಲ್ಲೇ ಕಿರುಚಿದೆ. ಆಕೆ ಮೊರ ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ಅವ್ವ ನನ್ನನ್ನು ಪಕ್ಕಕ್ಕೆ ತಳ್ಳಿ ಆಕೆಯ ಮುಂದೆ ಕೂತು, ಮೊಳಕೆ ತೋರಿಸಿ, ನೆಲ ತೋರಿಸಿ, ಅಂಗೈಯನ್ನು ಮೆಲ್ಲಗೆ ಮೇಲೆತ್ತಿ ಗಿಡ ಏಳುವುದನ್ನು ತೋರಿಸಿದಳು. ಆಕೆ ಬಾಯಿಗೆ ಕೈ ಹಿಡಿದಳು. ಆಮೇಲೆ ಇಬ್ಬರೂ ಸೇರಿ ನೆಲದ ಮೇಲೆ ಒಗೆದಿದ್ದ ಕಾಳನ್ನೂ ಹುಡುಕಿ ಆರಿಸಿದರು.

"ತೆಪ್ಪು ಅವಳ್ದಲ್ಲ ಕಣ್ಲಾ. ನಮ್ಮನೇಲಿ ಇಂಗೇ ತೂಗಾಕಿದ್ರೆ ನಾನೂ ಸಾರೇ ಮಾಡ್ತಿದ್ದೆ," ಅಂದಳು ಅವ್ವ.

ಆ ಮಧ್ಯಾಹ್ನ ಆಕೆ ಮಾಡಿದ ಕೆಂಪಕ್ಕಿ ಅನ್ನ, ಖಾರದ ತೆಂಗಿನಕಾಯಿ ಚಟ್ನಿ ಚೆನ್ನಾಗಿಯೇ ಇದ್ದಿರಬೇಕು. ನನಗೆ ರುಚಿ ಹತ್ತಲಿಲ್ಲ.

ತೋಟ

ತೋಟದ ಮೇಲ್ವಿಚಾರಕರು ಕಂದಯ್ಯ ಎಂಬ, ದ್ವೀಪದ ಉತ್ತರದ ಯಾಳ್ಪಾಣದ ತಮಿಳರು. ಬೆಂಗಳೂರಿನಲ್ಲಿ ಓದುವಾಗ ಕಲಿತ ನನ್ನ ಹರಕು ತಮಿಳು ಅಲ್ಲಿ ಕೆಲಸಕ್ಕೆ ಬಂತು. ಮೊಳಕೆ ಬಂದ ಬೀಜ ನೋಡಿ ಅವರು ಹುಬ್ಬು ಏರಿಸಿದರು. ಒಣ ಬೀಜ ಬರುತ್ತದೆಂದು ಕಾದಿದ್ದರಂತೆ. ನಾನು ಸಬೂಬು ಹೇಳತೊಡಗಿದೆ. ಅವರು ಕೇಳಿಸಿಕೊಳ್ಳದೆ ಕೆಲಸದವರನ್ನು ಕೂಗಿ ಮರಳು ಮತ್ತು ಜಲ್ಲಿ ಬೆರೆಸಿದ ಒಂದು ಪಾತಿಯ ಹತ್ತಿರ ನಡೆದೇಬಿಟ್ಟರು.

ಅಲ್ಲಿ ಅವ್ವ ಅಡ್ಡ ಬಂದಳು. ಪಾತಿಯ ಮಣ್ಣು ಹಿಡಿಯಲ್ಲಿ ತೆಗೆದು ಮೂಸಿದಳು. ಸೂರ್ಯ ಯಾವ ಕಡೆಯಿಂದ ಬೀಳುತ್ತಾನೆ, ಮಳೆ ಎಷ್ಟು ತಿಂಗಳು, ಆಡು ಕುರಿ ಬರುತ್ತವಾ, ರಾತ್ರಿ ಯಾರು ಇರುತ್ತಾರೆ ಎಂದು ಒಂದೊಂದನ್ನೂ ನನ್ನ ಮೂಲಕ ಕೇಳಿಸಿದಳು. ಕಂದಯ್ಯನವರು ನಗುತ್ತಲೇ ಎಲ್ಲಕ್ಕೂ ಉತ್ತರ ಕೊಟ್ಟರು.

"ಇವ್ರು ವರ್ಗ ಆಗೋದ್ರೆ ಯಾರ್ ನೋಡ್ಕೋತಾರೆ, ಕೇಳು," ಅಂದಳು.

"ಅವ್ವ, ಸಾಕು."

"ಕೇಳ್ಲಾ."

ಕೇಳಿದೆ. ಅವರು ನಗು ನಿಲ್ಲಿಸಿದರು. ತೋಟದ ಹಿರಿಯ ಮಾಲಿಯನ್ನು ಕರೆದು ಅವ್ವನ ಮುಂದೆ ನಿಲ್ಲಿಸಿ, ಇವನು ಎಲ್ಲಿಗೂ ವರ್ಗವಾಗುವುದಿಲ್ಲ ಎಂದು ಹೇಳಿ ಎಂದರು. ಅವ್ವ ಆ ಮಾಲಿಯನ್ನು ಮೇಲಿಂದ ಕೆಳಗೆ ನೋಡಿ, ಅವನ ಕೈ ತಿರುಗಿಸಿ ಅಂಗೈಯ ಜಡ್ಡು ಮುಟ್ಟಿ ನೋಡಿ, ಸರಿ ಎಂದು ತಲೆಯಾಡಿಸಿದಳು. ಆ ಮೇಲೆಯೇ ಗಂಟು ಬಿಚ್ಚಿದ್ದು. ಎಳೆಗೆ ಸುತ್ತಿದ್ದ ಬೇರುಗಳನ್ನು ಅವಳೂ ಮಾಲಿಯೂ ಎಳೆ ಎಳೆಯಾಗಿ ಬಿಡಿಸಿ ನೆಟ್ಟರು. ಹಲವು ಮುರಿದವು, ಕೆಲವು ಕೊಳೆತಿದ್ದವು.

ನನ್ನ ರಜೆ ಕರಗುತ್ತಿತ್ತು. ಹೊರಡೋಣ ಎಂದರೆ ಅವ್ವ ಜಗ್ಗಲಿಲ್ಲ. "ಎಲೆ ಬುಡ್ಲಿ." ದಿನಾ ಬೆಳಿಗ್ಗೆ ಛತ್ರದಿಂದ ತೋಟಕ್ಕೆ ನಡೆಯುತ್ತಿದ್ದೆವು. ನಾನು ಪಾತಿಯ ಸುತ್ತ ತಿರುಗುತ್ತಿದ್ದೆ, ಅವಳು ಪಕ್ಕದಲ್ಲಿ ಕೂತು ಮಾಲಿಯ ಎಲೆ ಅಡಿಕೆ ಬೇಡಿ ತಿನ್ನುತ್ತಿದ್ದಳು. ಒಂದು ಬೆಳಿಗ್ಗೆ ಮರಳು ಸೀಳಿ ಜೋಡಿ ಎಲೆಗಳು ಎದ್ದು ನಿಂತಿದ್ದವು. ಮತ್ತೆರಡು ದಿನಕ್ಕೆ ಆ ಜೋಡಿಯ ನಡುವೆ ರೋಮದ ಮೂರೆಲೆ ಮೂಡಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಕಂದಯ್ಯನವರ ಕೈ ಹಿಡಿದು ಕುಲುಕುತ್ತಲೇ ಇದ್ದೆ, ಅವರೇ ಬಿಡಿಸಿಕೊಳ್ಳಬೇಕಾಯಿತು. ಅವ್ವ ಒಂದು ಎಲೆಯನ್ನು ಬೆರಳ ತುದಿಯಿಂದ ಸವರಿ ಎದ್ದಳು.

"ನಡಿ, ಓಗವ."

ಮತ್ತೆ ಸ್ಟೇಷನ್ನು

ಗಾಡಿಗೆ ಇನ್ನೂ ಹೊತ್ತಿತ್ತು. ಅವ್ವ ನನ್ನನ್ನು ಕಾರ್ಡು ಕೊಳ್ಳಲು ಕಳಿಸಿದಳು. ರಾಮೇಶ್ವರದಲ್ಲಿ ನಾಲ್ಕು ದಿನ ಇರುತ್ತೇವಲ್ಲ, ಅಣ್ಣನಿಗೆ ಕ್ಷೇಮ ಸಮಾಚಾರ ಇರಬೇಕು ಎಂದುಕೊಂಡೆ. ಬೆಂಚಿನ ಮೇಲೆ ಕೂತು ಸೀಸದಕಡ್ಡಿ ತೆಗೆದೆ.

"ಬೋರೆ ಉತ್ತುಬುಡು ಅಂತ ಬರಿ," ಅಂದಳು.

ನನಗೆ ಅರ್ಥವಾಗಲಿಲ್ಲ. ಅವಳು ಮತ್ತೊಮ್ಮೆ ಹೇಳಿದಳು. "ನೀರು ಬುಡೋಕ್ ಮುಂಚೆ ಉತ್ತು ಮಟ್ಟ ಮಾಡ್ಲಿ."

"ಅವ್ವ! ಇಲ್ಲೊಂದ್ ಪಾತಿ ಬಂದ್ರೆ ಅಲ್ಲಿರೋದ್ ಕೀಳಾದಾ? ಅಲ್ಲೂ ಇರ್ಲಿ, ಇಲ್ಲೂ ಇರ್ಲಿ ಅಂತ ನಾನು…"

"ನಿಮ್ಮಣ್ಣನ ಮಕ್ಳು ಅನ್ನ ಉಣ್ಬ್ಯಾಡ್ವಾ? ನಾ ಮದ್ವೆಯಾಗಿ ಬಂದಾಗ್ಲಿಂದ ಆ ಬೋರೆ ಅತ್ತಿ ಇಳ್ದು ನೀರೊತ್ತಿವ್ನಿ. ನನ್ ನೆತ್ತಿ ಮುಟ್ಟಿ ನೋಡು, ಕೂದ್ಲಿಲ್ಲ. ಈಗ ನೀರು ಕಾಲ್ತಾವ ಬಂದು ನಿಂತದೆ. ಬ್ಯಾಡ ಅನ್ನೋಕ್ ನಾನ್ಯಾರು?"

"ಅಂಗಾದ್ರೆ ಅವತ್ತೇ ಅಣ್ಣನ್ಗೆ ಹೂಂ ಅನ್ಬೋದಿತ್ತಲ್ಲ. ಇಲ್ಲೀಗಂಟ ಯಾಕ್ ಬಂದೆ?"

ಅವ್ವ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು.

"ನಾ ಬರೋಕ್ ಮುಂದ್ಲಿಂದ ಇರೋದು ಕಣ್ಲಾ ಅದು. ನಿಮ್ ಕಾಲ್ಗೆಲ್ಲ ಅದ್ರ ಕಾಯೇ ಗೆಜ್ಜೆ ಕಟ್ಟಿದ್ದು. ಮನೇಲಿರೋರ್ನ ಎಬ್ಬುಸ್ಬೇಕಾದ್ರೆ ಅವ್ರಿಗೊಂದ್ ತಾವು ತೋರುಸ್ಬ್ಯಾಡ್ವಾ? ನೀ ಬಂದು ಚೆನ್ನಾಗದೆ ಅಂತ ಏಳಿದ್ರೆ ನಾ ನಂಬ್ತಿದ್ನಾ? ಎಣ್ಣು ಕೊಡೋ ಮನೆ ನೋಡಾಕೆ ತಾಯಾದೋಳು ಓಗ್ಬೇಕು. ನೋಡ್ದೆ. ಒಳ್ಳೆ ಜನ."

ರೈಲು ದೂರದಲ್ಲಿ ಕೂಗಿತು. ಕೇಳಬಾರದಾಗಿತ್ತು, ಕೇಳಿದೆ.

"ಮೊಳೀದೇ ಇದ್ದಿದ್ರೆ?"

"ಮೊಳೀದಿದ್ರೆ ಉಳಾಕ್ ಬುಡ್ತಿರ್ನಿಲ್ಲ. ನಾನಿರೋಗಂಟ ಬುಡ್ತಿರ್ನಿಲ್ಲ."

ಎಷ್ಟು ಸಲೀಸಾಗಿ ಹೇಳಿದಳು! ಸಮುದ್ರದ ಮೇಲೆ ಕರುಳು ಕಿತ್ತು ಬರುವಾಗಲೂ ಗಂಟು ಬಿಡದವನು ನಾನು. ಮೊರ ಕಂಡು ಕಿರುಚಿದವನು ನಾನು. ಒಂದು ಬಟ್ಟೆ ಒಣಗಲು ಬಿಟ್ಟಿದ್ದರೆ ಸಾಕಿತ್ತು, ಬೋರೆ ಉಳಿಯುತ್ತಿತ್ತು. ನನಗೆ ಅವಳ ಮೇಲೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಅವಳ ನೆತ್ತಿಯನ್ನು ನೋಡಿದೆ. ಸೆರಗು ಜಾರಿತ್ತು. ನೀರಿನ ಕೊಡದ ಸಿಂಬಿ ಕೂರುವ ಜಾಗದಲ್ಲಿ ಚರ್ಮ ಹೊಳೆಯುತ್ತಿತ್ತು.

ಬರೆದೆ. ಅವಳಿಗೆ ಓದು ಬಾರದು. ನಾನು ಏನು ಬೇಕಾದರೂ ಬರೆಯಬಹುದಿತ್ತು, ಅದು ಅವಳಿಗೂ ಗೊತ್ತಿತ್ತು.

"ಓದು."

"ಬೋರೆ ಉತ್ತುಬಿಡು. ಗಿಡ ಇಲ್ಲಿ ಚೆನ್ನಾಗಿದೆ. ಅವ್ವ ಹೇಳಿದ್ದು."

"ಊಂ. ಆಕು."

ಪ್ಲಾಟ್‌ಫಾರಂನ ಕೊನೆಯಲ್ಲಿ ಕೆಂಪು ಡಬ್ಬ ಇತ್ತು. ಕಾರ್ಡನ್ನು ಅರ್ಧ ಒಳಗೆ ತೂರಿಸಿ ಹಾಗೇ ಹಿಡಿದುಕೊಂಡು ನಿಂತೆ. ಗಾಡಿ ಬಂದು ನಿಂತಿತು, ಜನ ಹತ್ತತೊಡಗಿದರು. ಅವ್ವ ಗಂಟುಮೂಟೆ ಕಂಕುಳಲ್ಲಿ ಇಟ್ಟುಕೊಂಡು ನನ್ನ ಪಕ್ಕಕ್ಕೆ ಬಂದಳು.

"ಬುಡ್ಲಾ," ಅಂದಳು ಮೆಲ್ಲಗೆ.

ಬಿಟ್ಟೆ.